ಬೇರೆಯವರ ಸಾಲಕ್ಕೆ ಕೋ-ಸೈನ್ ಮಾಡಿದವರ ವಿಎ ಲೋನ್ ಬಗ್ಗೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಸೇನೆಯಲ್ಲಿ ಸೇವೆ ಮಾಡಿ ಬಂದ ನಮ್ಮವರಲ್ಲಿ ಕೆಲವರು ತಮ್ಮನ ಕಾರಿಗೋ ಭಾವಮೈದುನನ ಓದಿಗೋ ಕೋ-ಸೈನ್ ಮಾಡಿದ್ದೀರಿ, ಅಂದರೆ ಅವರು ಕಟ್ಟದಿದ್ದರೆ ನಾನು ಕಟ್ಟುತ್ತೇನೆ ಅಂತ ಸಹಿ ಹಾಕಿದ್ದೀರಿ. "ಇನ್ನು ವಿಎ ಲೋನ್ (ಅಮೆರಿಕದ ಮಾಜಿ ಸೈನಿಕರ ಇಲಾಖೆಯಾದ ವಿಎ ಖಾತರಿ ನಿಲ್ಲುವ ಮನೆ ಸಾಲ) ಸಿಗಲ್ವಾ?" ಅಂತ ಪದೇ ಪದೇ ಕೇಳ್ತಿದ್ದೀರಿ.

ಸಿಗುತ್ತೆ. ಆದರೆ ಆ ಸಾಲ ನಿಮ್ಮ ಕ್ರೆಡಿಟ್ ರಿಪೋರ್ಟಿನಲ್ಲೂ ಇರುತ್ತೆ. ಕಂತು ಕಟ್ಟುತ್ತಿರುವವರು ಬೇರೆಯವರು, ಅದು ನಿಮ್ಮ ತಲೆ ಮೇಲೆ ಬೀಳುವ ಸೂಚನೆಯೂ ಇಲ್ಲ ಅಂತ ಪುರಾವೆ ಇದ್ದರೆ, ನಿಮ್ಮ ತಿಂಗಳ ಸಾಲದ ಲೆಕ್ಕದಿಂದ ಆ ಕಂತನ್ನು ಕೈಬಿಡಲು ವಿಎ ನಿಯಮದಲ್ಲೇ ಅವಕಾಶ ಇದೆ. ಕೈಬಿಡಬಹುದು ಅಷ್ಟೇ, ಬಿಡಲೇಬೇಕು ಅಂತಲ್ಲ. ತೀರ್ಮಾನ ಲೋನ್ ಕೊಡುವವರದು. ಸಾಮಾನ್ಯವಾಗಿ 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ, ಅದೂ ಕಟ್ಟುವವರ ಖಾತೆಯದು. ನೀವು ಕಟ್ಟಿ, ಆಮೇಲೆ ಅವರು ನಿಮಗೆ ಝೆಲ್‌ನಲ್ಲಿ (ಬ್ಯಾಂಕ್ ಖಾತೆಯಿಂದ ಖಾತೆಗೆ ಹಣ ಕಳಿಸುವ ಸೇವೆ) ದುಡ್ಡು ಕಳಿಸೋ ಏರ್ಪಾಡು ಇಲ್ಲಿ ಕೆಲಸಕ್ಕೆ ಬರೋದು ಕಷ್ಟ. ಜಂಟಿ ಖಾತೆಯಾದರೂ ತಕರಾರು ಬರಬಹುದು. ಆಟೊಪೇ ನಿಮ್ಮ ಖಾತೆಯಿಂದ ಹೋಗ್ತಿದ್ದರೆ ಈಗಲೇ ಬದಲಾಯಿಸಿ. ಅವರು ಕಂತು ತಪ್ಪಿಸಿದರೆ ಏಟು ನಿಮ್ಮ ಕ್ರೆಡಿಟ್ ಸ್ಕೋರಿಗೂ ಬೀಳುತ್ತೆ. (ತಮ್ಮನಿಗೆ ಹೇಳೋಕೆ ಮುಜುಗರ ಅನ್ನೋರಿಗೆ ನನ್ನ ಹತ್ರ ಮದ್ದಿಲ್ಲ.)

ಕಂತು ಲೆಕ್ಕಕ್ಕೆ ಸೇರಿದರೂ ಗಾಬರಿ ಬೇಡ. ಸಾಲ-ಆದಾಯದ ಅನುಪಾತ (ತಿಂಗಳ ಆದಾಯದಲ್ಲಿ ಸಾಲದ ಕಂತುಗಳಿಗೆ ಹೋಗುವ ಪಾಲು) 41% ದಾಟಿದ ಕೂಡಲೇ ಬಾಗಿಲು ಮುಚ್ಚಲ್ಲ. ತೆರಿಗೆ, ಕಂತು ಎಲ್ಲ ಕಳೆದು ಸಂಸಾರಕ್ಕೆ ಎಷ್ಟು ಉಳಿಯುತ್ತೆ ಅಂತಲೂ ನೋಡ್ತಾರೆ. ಲೋನ್ ಕೊಡುವವರಲ್ಲಿ ಒಬ್ಬರು ಆಗಲ್ಲ ಅಂದರೆ ಇನ್ನೊಬ್ಬರನ್ನು ಕೇಳಿ.

ದಯವಿಟ್ಟು ಸ್ಟೇಟ್‌ಮೆಂಟ್, ಸೋಶಿಯಲ್ ಸೆಕ್ಯುರಿಟಿ ನಂಬರ್ ಗುಂಪಿನಲ್ಲಿ ಹಾಕಬೇಡಿ.