ನಿಮ್ಮ ಸರ್ವರ್‌ನ ಡಿಸ್ಕ್ ಸೆಟ್ಟಿಂಗ್ ಬದಲಾಗಲಿದೆ

ಮಾನ್ಯ ಗ್ರಾಹಕರೇ,

ನಮಸ್ಕಾರ. ನಿಮ್ಮ ಮನೆಯಲ್ಲಿ ನಾವು ಕೂರಿಸಿಕೊಟ್ಟ ಸ್ಟೋರೇಜ್ ಸರ್ವರ್‌ನ ಡಿಸ್ಕ್ ಸೆಟ್ಟಿಂಗನ್ನು ಮುಂದಿನ ಸರ್ವಿಸ್‌ಗೆ ಬಂದಾಗ ಬದಲಾಯಿಸುತ್ತೇವೆ. ಬೇರೆ ಚಾರ್ಜ್ ಇಲ್ಲ. ಕೆಲಸ ನಡೆಯುವಷ್ಟು ಹೊತ್ತು ಫೋಟೊ, ವಿಡಿಯೊ ಸಿಗುವುದಿಲ್ಲ, ಅಷ್ಟೇ. ಒಳಗಿರುವ ಫೈಲುಗಳನ್ನು ಮುಟ್ಟುವುದಿಲ್ಲ.

ಈಚೆಗೆ ಬಹಳ ಮಂದಿ ಮೂರನೆಯ ಡಿಸ್ಕ್ ತಂದು ಹಾಕಿಕೊಳ್ಳುತ್ತಿದ್ದೀರಿ. ಆಮೇಲೆ ನಮಗೆ ಬರುವ ಫೋನ್ ಹೆಚ್ಚುಕಡಿಮೆ ಒಂದೇ: "ಸರ್ವರ್ ಆನ್ ಆಗ್ತಾನೇ ಇಲ್ಲ, ಹಳೇ ಡಿಸ್ಕ್ ಹೋಯ್ತಾ ಸಾರ್?" ಹೋಗಿ ಮಾನಿಟರ್ ಹಚ್ಚಿ ನೋಡಿದರೆ ಡಿಸ್ಕ್ ಗಟ್ಟಿಯಾಗಿಯೇ ಇರುತ್ತದೆ, ಹೆಸರು ಅದಲುಬದಲಾಗಿರುತ್ತದೆ. ಸರ್ವರ್ ನಡೆಸುವ ಲಿನಕ್ಸ್ ಎಂಬ ಸಾಫ್ಟ್‌ವೇರ್ ಡಿಸ್ಕ್‌ಗಳನ್ನು ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ ಎಂದು ಕಂಡ ಸರದಿಯಲ್ಲಿ ಕರೆಯುತ್ತದೆ. ಪಂಕ್ತಿಯಲ್ಲಿ ಮೊದಲು ಕೂತವರಿಗೆ ಮೊದಲ ಎಲೆ ಎಂದ ಹಾಗೆ. ಹೊಸ ಡಿಸ್ಕ್ ನಡುವೆ ನುಸುಳಿದರೆ ನಿನ್ನೆಯ ಎಸ್‌ಡಿಬಿ ಇಂದು ಎಸ್‌ಡಿಸಿ. ಯಾವ ಡಿಸ್ಕನ್ನು ಎಲ್ಲಿ ತೆರೆಯಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹಳೆಯ ಹೆಸರೇ ಬರೆದಿದ್ದರೆ ಸರ್ವರ್ ತಪ್ಪು ಡಿಸ್ಕ್ ತೆರೆಯಲು ಹೋಗುತ್ತದೆ, ಇಲ್ಲವೇ ಇಲ್ಲದ ಪಾರ್ಟಿಷನ್‌ಗಾಗಿ (ಡಿಸ್ಕ್‌ನ ಒಂದು ಭಾಗ) ಒಂದೂವರೆ ನಿಮಿಷ ಕಾದು, ರಿಪೇರಿಗೆಂದೇ ಇರುವ ಎಮರ್ಜೆನ್ಸಿ ಮೋಡ್‌ಗೆ ಹೋಗಿ ನಿಲ್ಲುತ್ತದೆ. ಆ ಸ್ಥಿತಿಯಲ್ಲಿ ನೆಟ್‌ವರ್ಕ್ ಇರುವುದಿಲ್ಲ. ಫೋನಿನಿಂದ ನೋಡುವವರಿಗೆ ಎಲ್ಲ ಸತ್ತಂತೆಯೇ ಕಾಣುತ್ತದೆ.

ಇನ್ನು ಮುಂದೆ ಹೆಸರಿನ ಬದಲು ಯುಯುಐಡಿ ಬರೆಯುತ್ತೇವೆ. ಇದು ಫಾರ್ಮ್ಯಾಟ್ ಮಾಡುವಾಗ ಡಿಸ್ಕ್‌ನ ಮೇಲೆಯೇ ಬೀಳುವ ಉದ್ದನೆಯ ಗುರುತು. ಕೇಬಲ್ ಯಾವ ಪೋರ್ಟ್‌ಗೆ ಹೋದರೂ ಬದಲಾಗುವುದಿಲ್ಲ. ಜೊತೆಗೆ 'ನೋಫೇಲ್' ಎಂಬ ಆಪ್ಷನ್ ಸೇರಿಸುತ್ತೇವೆ. ಒಂದು ಡಿಸ್ಕ್ ಸಿಗದಿದ್ದರೂ ಉಳಿದದ್ದು ನಡೆಯುತ್ತದೆ.

ನೋಫೇಲ್‌ಗೆ ಒಂದು ಅಡ್ಡ ಪರಿಣಾಮವಿದೆ. ಡಿಸ್ಕ್ ಬಾರದೆ ಹೋದರೆ ಅದರ ಫೋಲ್ಡರ್ ಖಾಲಿಯಾಗಿ ಉಳಿಯುತ್ತದೆ. ರಾತ್ರಿ ಫೋನಿನ ಬ್ಯಾಕಪ್ ಅದರೊಳಗೇ ಸುರಿದು ಆ ಫೋಲ್ಡರೂ ಸಿಸ್ಟಮ್ಮೂ ಇರುವ ಪುಟ್ಟ ಎಸ್‌ಎಸ್‌ಡಿ ಡಿಸ್ಕನ್ನು ತುಂಬಿಸಿಬಿಡುತ್ತದೆ. ಅದಕ್ಕಾಗಿ ಖಾಲಿ ಫೋಲ್ಡರ್‌ಗೆ ಬರೆಯದಂತೆ ಬೀಗ ಹಾಕುತ್ತೇವೆ. ಡಿಸ್ಕ್ ಇಲ್ಲದ ದಿನ ಬ್ಯಾಕಪ್ 'ಎರರ್' ತೋರಿಸಿದರೆ ಗಾಬರಿ ಬೇಡ, ನಮಗೆ ಬೇಕಾಗಿರುವುದೂ ಅದೇ.

ಎರಡು ಡಿಸ್ಕ್ ಕೂರುವ ಅಗ್ಗದ ಯುಎಸ್‌ಬಿ ಡಾಕ್‌ಗಳನ್ನು ಇನ್ನು ಹಾಕಿಕೊಡುವುದಿಲ್ಲ. ಕೆಲವು ಡಾಕ್‌ಗಳು ಡಿಸ್ಕ್‌ನ ಸೀರಿಯಲ್ ನಂಬರ್ ಮುಚ್ಚಿಟ್ಟು ಎರಡಕ್ಕೂ ಒಂದೇ ನಂಬರ್ ಹೇಳುತ್ತವೆ. ಕೆಟ್ಟದ್ದು ಯಾವುದು ಎಂದು ಗೊತ್ತಾಗಬೇಕಾದ ದಿನ ಇದೇ ತಲೆನೋವು. ಡಿಸ್ಕ್‌ಗಳು ನೇರ ಸಾಟಾ ಕೇಬಲ್‌ಗೇ ಹೋಗುತ್ತವೆ, ಟ್ರೇ ಮೇಲೆ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಕ್ಷರಗಳ ಸ್ಟಿಕರ್ ಇರುತ್ತದೆ. ಮಿರರ್ (ಎರಡು ಡಿಸ್ಕ್‌ನಲ್ಲೂ ಒಂದೇ ಡೇಟಾ) ಹಾಕಿಸಿಕೊಂಡವರ ಸ್ಟೇಟಸ್‌ನಲ್ಲಿ ಚೌಕ ಕಂಸದೊಳಗೆ ಎರಡು 'ಯು' ಇರಬೇಕು. ಒಂದರ ಜಾಗದಲ್ಲಿ ಅಡಿಗೆರೆ ಕಂಡರೆ ಒಂದು ಡಿಸ್ಕ್ ಹೊರಗುಳಿದಿದೆ ಎಂದರ್ಥ. ಡೇಟಾ ಇನ್ನೊಂದರಲ್ಲಿ ಇರುತ್ತದೆ.

ಇಷ್ಟರ ನಡುವೆ ಡಿಸ್ಕ್ 'ಮಿಸ್ಸಿಂಗ್' ಎಂದು ಬಂದರೆ ದಯವಿಟ್ಟು 'ಕ್ರಿಯೇಟ್', 'ಫಾರ್ಮ್ಯಾಟ್', 'ವೈಪ್' ಬಟನ್‌ಗಳನ್ನು ಒತ್ತಬೇಡಿ. ಹೆಸರು ತಪ್ಪಿದ್ದು ಐದು ನಿಮಿಷದ ರಿಪೇರಿ, ಫಾರ್ಮ್ಯಾಟ್ ಆದದ್ದು ರಿಪೇರಿಯೇ ಅಲ್ಲ. ಮೊದಲು ಸರ್ವರ್ ಆಫ್ ಮಾಡಿ, ಕೇಬಲ್ ಎರಡೂ ತುದಿಯಲ್ಲಿ ಒತ್ತಿ ನೋಡಿ, ಪುನಃ ಆನ್ ಮಾಡಿ. ಆಗಲೂ ಬಾರದಿದ್ದರೆ ಸ್ಕ್ರೀನಿನ ಫೋಟೊ ತೆಗೆದು ವಾಟ್ಸ್‌ಆ್ಯಪ್ ಮಾಡಿ. ಹಳೆಯ ಡಿಸ್ಕನ್ನು ಕ್ಲೋನ್ (ಪೂರ್ತಿ ನಕಲು) ಮಾಡಿಸಿದ್ದರೆ ಅದನ್ನೂ ಮೂಲವನ್ನೂ ಒಟ್ಟಿಗೆ ಹಚ್ಚಬೇಡಿ, ಕ್ಲೋನ್ ಮಾಡಿದಾಗ ಯುಯುಐಡಿಯೂ ನಕಲಾಗುತ್ತದೆ.

ಹೊಸ ಡಿಸ್ಕ್ ತರುವ ಯೋಚನೆಯಿದ್ದವರು ಮೊದಲೇ ತಿಳಿಸಿದರೆ ಎರಡೂ ಕೆಲಸ ಒಂದೇ ಸಲಕ್ಕೆ ಮುಗಿಸುತ್ತೇವೆ. ಬರುವ ಹಿಂದಿನ ದಿನ ಫೋನ್ ಮಾಡುತ್ತೇವೆ.

ಇಂತಿ,
ಸರ್ವಿಸ್ ವಿಭಾಗ