ಪುಣೆಯ ಗೆಳೆಯನಿಗೆ, ಮೂರನೇ ಕಾಲಂ ಬಗ್ಗೆ

ಪ್ರೀತಿಯ ಕಟಿಂಗ್,

ಎಲ್ಲರೆದುರು ಬರೆಯುತ್ತಿದ್ದೇನೆ ಅಂತ ಬೇಜಾರು ಮಾಡ್ಕೋಬೇಡ. ವಾಟ್ಸಾಪಿನಲ್ಲಿ ಬರೆದರೆ ಹೆಬ್ಬೆರಳು ತೋರಿಸಿ ಸುಮ್ಮನಾಗುತ್ತೀಯ. ಇಲ್ಲಿ ನಾಲ್ಕು ಜನ ನೋಡುತ್ತಿರುತ್ತಾರೆ, ಮರ್ಯಾದೆಗಾದರೂ ಉತ್ತರ ಬರುತ್ತೆ.

ಹೋದ ಭಾನುವಾರ ಇಲ್ಲಿ ಮುಂಬಯಿಯ ಮಾಟುಂಗಾದಲ್ಲಿ ನಮ್ಮ ಸಂಘದ ಪ್ರತಿಭಾ ಪುರಸ್ಕಾರ. ಹಳಿ ರಿಪೇರಿಗೆ ಅಂತ ಲೋಕಲ್ ರೈಲು ಕಮ್ಮಿ ಮಾಡುವ ಮೆಗಾಬ್ಲಾಕ್ ಇತ್ತು ಅಂತ ಬೇರೆ ಹೇಳಬೇಕಾ? ಡೊಂಬಿವಲಿಯಲ್ಲಿ ಉಟ್ಟ ಸೀರೆಯ ನೆರಿಗೆ ಕುರ್ಲಾ ಬರುವಷ್ಟರಲ್ಲಿ ಬಿಚ್ಚಿಹೋಗಿತ್ತು. ವೇದಿಕೆಯಲ್ಲಿ ನನಗೆ ಮೂರನೇ ಕುರ್ಚಿ. ಹೌದು, ಮೂರನೇದೇ. ನಗಬೇಡ.

ಹೆಣ್ಣುಮಕ್ಕಳಿಗೇ ಅಂತ ಬೇರೆ ಬಹುಮಾನ ಶುರುಮಾಡಿ ಮೂರು ವರ್ಷವಾಯಿತು. ಓದಿಗೆ 50 ಅಂಕ, ಮುಂದಾಳತನಕ್ಕೆ 25, ಸಮಾಜಸೇವೆಗೆ 25. ಫಾರಂ ಬರೆದವಳು ನಾನೇ. ಆಗ ನಿನಗೆ ಫೋನ್ ಮಾಡಿ ಅರ್ಧ ಗಂಟೆ ಕೊಚ್ಚಿಕೊಂಡಿದ್ದೆ, ನೆನಪಿದೆಯಾ?

ಈ ಸಲ ಭಾಷಣದಲ್ಲಿ ಕಾರ್ನೇಲಿಯಾ ಸೊರಾಬ್ಜಿಯವರ ಕಥೆ ಹೇಳಿದೆ. ನೀನು ದಿನಾ ವಾಕಿಂಗ್ ಹೋಗುತ್ತೀಯಲ್ಲ, ಆ ಡೆಕ್ಕನ್ ಕಾಲೇಜಿನಲ್ಲೇ ಓದಿದವರು. ಬಾಂಬೆ ವಿಶ್ವವಿದ್ಯಾಲಯದಿಂದ ಪದವಿ ಪಡೆದ ಮೊದಲ ಹೆಣ್ಣು. ಪರೀಕ್ಷೆಯಲ್ಲಿ ಮೊದಲು ಬಂದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರ್ಕಾರದ ವಿದ್ಯಾರ್ಥಿವೇತನ ಇತ್ತು. ಇವರಿಗೆ ಅಂಕ ಬಂತು, ದುಡ್ಡು ಬರಲಿಲ್ಲ. ಹೆಣ್ಣು, ಅದಕ್ಕೆ. ಕೊನೆಗೆ ಫ್ಲಾರೆನ್ಸ್ ನೈಟಿಂಗೇಲ್ ಮುಂತಾದವರು ಹಣ ಸೇರಿಸಿದರು, 1889ರಲ್ಲಿ ಆಕ್ಸ್‌ಫರ್ಡಿಗೆ ಹೋದರು. 1892ರಲ್ಲಿ ಕಾನೂನು ಪರೀಕ್ಷೆ ಬರೆದರೂ ಪದವಿ ಕೈಗೆ ಸಿಕ್ಕಿದ್ದು 1922ರಲ್ಲಿ, ಯಾಕೆಂದರೆ 1920ರ ತನಕ ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಇಷ್ಟು ಹೇಳಿ, 'ನಾವು ಹಾಗಲ್ಲ, ನಾವು ಕರೆದು ಕೊಡುತ್ತೇವೆ' ಅಂದೆ. ಚಪ್ಪಾಳೆ ಬಿತ್ತು. ಅಷ್ಟರಲ್ಲಿ ಐದನೇ ಸಾಲಿನಲ್ಲಿ ಅವಳು ಕಂಡಳು.

ಅವಳು ಅಂದರೆ ಯಾರು ಅಂತ ಹೇಳುತ್ತೇನೆ ಇರು. ಎರಡು ವಾರದ ಹಿಂದೆ ಸಂದರ್ಶನ ಇತ್ತು. ಬಿಎಸ್ಸಿ ಹುಡುಗಿ, ಅಪ್ಪನದು ಸಣ್ಣ ಕ್ಯಾಂಟೀನು. ಓದಿನಲ್ಲಿ ಬಂದವರಿಗೆಲ್ಲ ಮೇಲು. ಆದರೆ ಮೂರನೇ ಕಾಲಂ, ಸಮಾಜಸೇವೆಯದು, ಖಾಲಿ. ಒಂದು ಗೀಟು ಕೂಡ ಎಳೆದಿರಲಿಲ್ಲ. ಮರೆತಿರಬೇಕು ಅಂತ ನಾನೇ ಪೆನ್ನು ಮುಂದೆ ತಳ್ಳಿದೆ. 'ಏನಾದರೂ ಬರಿಯಮ್ಮ, ಪಕ್ಕದ ಮನೆ ಮಗುವಿಗೆ ಪಾಠ ಹೇಳಿಕೊಟ್ಟಿದ್ದರೂ ನಡೆಯುತ್ತೆ' ಅಂದೆ. ಎಂಥ ದೊಡ್ಡ ಮನಸ್ಸು ನೋಡು ನನ್ನದು.

ಅವಳು ಪೆನ್ನು ಮುಟ್ಟಲಿಲ್ಲ. 'ಅಣ್ಣನಿಗೂ ನೀವೇ ಬಹುಮಾನ ಕೊಟ್ಟಿದ್ರಿ ಮೇಡಂ. ಅವನ ಫಾರಂನಲ್ಲಿ ಈ ಕಾಲಂ ಇರಲಿಲ್ಲ' ಅಂದಳು. ಜಗಳದ ದನಿಯಲ್ಲ. ಬ್ಯಾಂಕಿಗೆ ಬಂದವರು 'ಚೆಕ್ ಬುಕ್ಕಿನಲ್ಲಿ ಒಂದು ಹಾಳೆ ಕಮ್ಮಿ ಇದೆ' ಅನ್ನುತ್ತಾರಲ್ಲ, ಹಾಗೆ.

ಇರಲಿಲ್ಲ ಕಣೋ. ಹುಡುಗರ ಫಾರಂ ಅರ್ಧ ಪುಟ. ಹೆಸರು, ಅಂಕಪಟ್ಟಿ, ಅಪ್ಪನ ಸದಸ್ಯತ್ವ ಸಂಖ್ಯೆ, ಮುಗೀತು. ಚೆನ್ನಾಗಿ ಓದಿದ ಹುಡುಗ ಚೆನ್ನಾಗಿ ಓದಿದ ಹುಡುಗ, ಅಷ್ಟೇ. ಚೆನ್ನಾಗಿ ಓದಿದ ಹುಡುಗಿ ಮಾತ್ರ ಇನ್ನೂ ಏನೋ ಮಾಡಿ ತೋರಿಸಬೇಕು. ಮೂರು ವರ್ಷದಲ್ಲಿ ಇದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಏನು ಮಾಡಿದೆ ಅಂತ ಕೇಳು. ಸೇವೆಗೆ 25ಕ್ಕೆ ಸೊನ್ನೆ ಹಾಕಿದೆ. ನಿಯಮ ನಿಯಮವೇ ಅಲ್ವಾ? ಅವಳಿಗೆ ಮೂರನೇ ಬಹುಮಾನವೂ ತಪ್ಪಿತು. ಮೊದಲ ಬಹುಮಾನ ಪಡೆದ ಹುಡುಗಿ ಗಣಪತಿ ಮುಳುಗಿಸಿದ ಮಾರನೇ ದಿನ ಜುಹು ಬೀಚಿನಲ್ಲಿ ಕಸ ಹೆಕ್ಕಿದವಳು, ಫೋಟೋಗಳ ದಪ್ಪ ಫೈಲು ತಂದಿದ್ದಳು. ಒಳ್ಳೆಯ ಹುಡುಗಿ, ಅವಳ ಮೇಲೆ ನನ್ನ ತಕರಾರಿಲ್ಲ. ಎಲ್ಲ ಹುಡುಗಿಯರಿಗೂ ಶಾಲಿನ ಜೊತೆ ಒಂದೊಂದು ರವಿಕೆ ಕಣ ಕೊಟ್ಟೆವು. ಹುಡುಗರಿಗೆ ಲ್ಯಾಪ್‌ಟಾಪ್ ಬ್ಯಾಗು.

ಮುಖ್ಯ ಅತಿಥಿ ಭಾಷಣದಲ್ಲಿ ಸಾವಿತ್ರಿಬಾಯಿ ಫುಲೆಯವರ ವಿಷಯಕ್ಕೆ ಬಂದರು. ಬಂದೇ ಬರುತ್ತಾರೆ. 1897ರ ಪ್ಲೇಗು, ರೋಗಿಗಳ ಸೇವೆ, ಅದೇ ರೋಗ ತಗುಲಿ ಸಾವು. 'ನೀವೂ ಹೀಗೆ ಸೇವೆ ಮಾಡಬೇಕು, ಹೆಣ್ಣುಮಕ್ಕಳೇ!' ಪ್ಲೇಗಿನ ದವಾಖಾನೆಯಲ್ಲಿ ಅವರ ಜೊತೆ ಸಾಕುಮಗ ಯಶವಂತನೂ ಇದ್ದ, ಡಾಕ್ಟರು. ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಿದ್ದರೆ ಎದುರಿಗೆ ಕೂತಿದ್ದ ಹುಡುಗರಿಗೂ ಸ್ವಲ್ಪ ಕೆಲಸ ಬೀಳುತ್ತಿತ್ತು.

ವಾಪಸ್ ಬರುವಾಗ ಮಾಟುಂಗಾ ಸ್ಟೇಷನ್ನಿನಲ್ಲಿ ಕೂತೆ. 2017ರಿಂದ ಅದನ್ನು ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ, ಟಿಕೆಟ್ಟು ಕೊಡುವವರಿಂದ ಹಿಡಿದು ಸ್ಟೇಷನ್ ಮ್ಯಾನೇಜರ್ ತನಕ. ಎರಡು ಲೋಕಲ್ ಬಿಟ್ಟೆ. ಮೆಗಾಬ್ಲಾಕಿನ ದಿನ ಎರಡು ಲೋಕಲ್ ಬಿಡುವುದು ಅಂದರೆ ಏನು ಅಂತ ನಿನಗೆ ಗೊತ್ತು.

2014ರಲ್ಲಿ ನನಗೆ ಪುಣೆಗೆ ಪ್ರಮೋಷನ್ ಬಂದಿತ್ತಲ್ಲ. ನೀನು ಕೋಥ್ರುಡ್‌ನಲ್ಲಿ ಮನೆ ಕೂಡ ನೋಡಿಟ್ಟಿದ್ದೆ. 'ಮುಂಬಯಿ ಬಿಡೋಕೆ ಮನಸ್ಸಿಲ್ಲ' ಅಂದೆ, ನೀನು ನಂಬಿದೆ. ಸುಳ್ಳು ಕಣೋ. ಅತ್ತೆ ಬಿದ್ದು ಸೊಂಟ ಮುರಿದುಕೊಂಡಿದ್ದರು. ಅವರ ಮೂರು ಗಂಡುಮಕ್ಕಳು ಒಟ್ಟಿಗೆ ಕೂತು ಚಹಾ ಕುಡಿದರು. ಹೋಗಬೇಡ ಅಂತ ಯಾರೂ ಹೇಳಲಿಲ್ಲ. 'ನೀನಿದ್ದರೆ ನಮಗೆ ಧೈರ್ಯ' ಅಂದರು, ಅಷ್ಟೇ. ನನಗೆ ಹೆಮ್ಮೆಯಾಯಿತು. ಹೆಮ್ಮೆಯಲ್ಲೇ ಬೇಡ ಅಂತ ಬರೆದುಕೊಟ್ಟೆ. ನನ್ನ ಕೈಕೆಳಗಿದ್ದ ಹುಡುಗ ಹೋದ. ಅತ್ತೆ ಆಮೇಲೆ ಏಳು ವರ್ಷ ಇದ್ದರು. ಅವರನ್ನು ನೋಡಿಕೊಂಡದ್ದಕ್ಕೆ ನನಗೆ ಬೇಸರವಿಲ್ಲ, ಪಾಪ, ಒಳ್ಳೆಯವರು. ಲೆಕ್ಕ ಹಾಕುವಾಗ ನನ್ನನ್ನು ಕೇಳಲೇ ಇಲ್ಲವಲ್ಲ, ಅದು.

ಇನ್ನೂ ಒಂದಿದೆ. ಸಂಘದಲ್ಲಿ ಆ ಮೂರನೇ ಕಾಲಂ ಬರೆಯುವಾಗ ನನ್ನ ಮನಸ್ಸಿನಲ್ಲಿ ಸಾವಿತ್ರಿಬಾಯಿ ಇರಲಿಲ್ಲ. ನಾನು ತೆತ್ತಿದ್ದೇನೆ, ಇವರೂ ಸ್ವಲ್ಪ ತೆರಲಿ ಅನ್ನುವುದು ಎಲ್ಲೋ ಇತ್ತು. ಬರೆದ ಮೇಲೆ ಎಷ್ಟು ಕೆಟ್ಟದಾಗಿ ಕಾಣುತ್ತೆ ಅಲ್ವಾ? ಅಳಿಸೋಣ ಅಂದುಕೊಂಡೆ, ಬಿಟ್ಟೆ.

ಇಲ್ಲಿ ಮೈದುನನೂ ಓದುತ್ತಿರುತ್ತಾನೆ. ಮೈದುನಾ, ನಮಸ್ಕಾರ. ಲೈಕ್ ಒತ್ತಿ ಮುಂದೆ ಹೋಗು.

ಮೊನ್ನೆ ಕಮಿಟಿಯಲ್ಲಿ ಹೇಳಿದೆ, ಆ ಕಾಲಂ ಹುಡುಗರ ಫಾರಂಗೂ ಹಾಕಿ, ಇಲ್ಲ ಎರಡರಿಂದಲೂ ತೆಗೀರಿ. ಅಧ್ಯಕ್ಷರು ಕನ್ನಡಕ ತೆಗೆದು, 'ಹುಡುಗರಿಗೂ ಹಾಕಿದರೆ ಅರ್ಜಿಯೇ ಬರೋದಿಲ್ಲ ಮೇಡಂ' ಅಂದರು. ವಿಷಯ ಮುಂದಿನ ಸಭೆಗೆ ಹೋಯಿತು. ಮುಂದಿನ ಸಭೆಯಲ್ಲಿ ನನಗೆ ಕುರ್ಚಿ ಇದ್ದರೆ ನೋಡೋಣ. ಮೂರನೇದು ಬೇಡ, ಫ್ಯಾನಿನ ಕೆಳಗೆ ಯಾವುದಾದರೂ ಸಾಕು.

ಹಾಂ, ಕೋಥ್ರುಡ್ ಮನೆಗೆ ನೀನು ಕೊಟ್ಟ ಅಡ್ವಾನ್ಸು 11,000 ರೂಪಾಯಿ ನಾನು ಇನ್ನೂ ವಾಪಸ್ ಕೊಟ್ಟಿಲ್ಲ. ಮರೆತಿಲ್ಲ ಮಾರಾಯ. ಎಲ್ಲರೆದುರು ಕೇಳುತ್ತಿದ್ದೇನೆ, ಕೊಡಲಾ? ಇಷ್ಟು ಜನ ನೋಡುವಾಗ 'ಕೊಡು' ಅನ್ನುವಷ್ಟು ಧೈರ್ಯ ನಿನಗಿಲ್ಲ, ಗೊತ್ತು.

ನಿನ್ನ,
ಮೂರನೇ ಕುರ್ಚಿ