‘ಮುಂದೆ ಗೊತ್ತಿಲ್ಲ’ ಎಂದು ಬರೆದವಳಿಗೆ, ಅವಳ ಜೊತೆಯವರಿಗೆ

ನಮ್ಮ 2024ರ ಎಸ್‌ಎಸ್‌ಎಲ್‌ಸಿ ಬ್ಯಾಚಿನಲ್ಲಿ ಕೊನೆಗೆ ಉಳಿದಿದ್ದ ಮೂವರೂ ಆ ವರ್ಷದ ಮೂರನೇ ಅವಕಾಶವಾದ ಪರೀಕ್ಷೆ-3ರಲ್ಲಿ ಗಣಿತ ಪಾಸಾದರು. ಸುದ್ದಿ ಬಂದಾಗಿನಿಂದ ಇದನ್ನು ಬರೆಯಬೇಕು ಅಂದುಕೊಳ್ಳುತ್ತಲೇ ಇದ್ದೇನೆ. ಅವರ ಗಣಿತ ಮೇಷ್ಟ್ರು ನಾನು. ಎದುರಿಗೆ ನಿಂತು ಥ್ಯಾಂಕ್ಸ್ ಹೇಳಲು ಹೋದರೆ ಗಂಟಲು ಕಟ್ಟುತ್ತದೆ, ಅದಕ್ಕೇ ಈ ಬರಹ.

ಆ ಮಾರ್ಚ್‌ನಲ್ಲಿ, ನಕಲು ತಡೆಯಲು, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ಕೊಠಡಿಯಲ್ಲಿ ನಡೆಯುವುದನ್ನು ಕ್ಯಾಮೆರಾ ಮೂಲಕ ಅಧಿಕಾರಿಗಳು ನೇರವಾಗಿ ನೋಡುವ ವ್ಯವಸ್ಥೆ. ಹಿಂದಿನ ವರ್ಷ ಶೇ 83.89 ಇದ್ದ ರಾಜ್ಯದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ನಮ್ಮಲ್ಲಿ 38 ಮಕ್ಕಳ ಪೈಕಿ 11 ಮಂದಿ ಫೇಲು. ಹನ್ನೊಂದೂ ನನ್ನ ವಿಷಯದಲ್ಲೇ.

ಒಂದನ್ನು ಮೊದಲೇ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಾನು ಕೊಠಡಿ ಮೇಲ್ವಿಚಾರಕನಾಗಿ ಹೋಗಿದ್ದ ಒಂದು ಕೇಂದ್ರದಲ್ಲಿ ‘ಮಕ್ಕಳಿಗೆ ಸ್ವಲ್ಪ ಸಹಕರಿಸಿ’ ಅಂದರು. ಆ ಮಾತಿನ ಅರ್ಥ ನಮ್ಮ ವೃತ್ತಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಒಂದಂಕದ ಪ್ರಶ್ನೆಗಳ ಉತ್ತರ ಬೆಂಚಿನಿಂದ ಬೆಂಚಿಗೆ ಹೋಗುತ್ತಿದ್ದಾಗ ನಾನು ಕಿಟಕಿಯ ಕಡೆ ತಿರುಗಿ ನಿಂತೆ. ಯಾರೂ ಕೇಳಲಿಲ್ಲ. ನಾನೂ ಯಾರ ಹತ್ತಿರವೂ ಹೇಳಿಕೊಂಡಿರಲಿಲ್ಲ. ಇದೇ ಮೊದಲು.

ಹಾಗಾಗಿ ಆ ಜನವರಿಯಲ್ಲಿ ತರಗತಿಯಲ್ಲಿ ನಿಂತು ‘ಗೊತ್ತಿದ್ದಷ್ಟೇ ಬರೆಯಿರಿ’ ಎಂದು ಹೇಳುವಾಗ ನನ್ನ ದನಿಯಲ್ಲಿ ಗಟ್ಟಿತನ ಇರಲಿಲ್ಲ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: ‘ಸರ್, ಗೊತ್ತಿದ್ದಷ್ಟೇ ಬರೆದ್ರೆ ನಾನು ಫೇಲಾಗ್ತೀನಲ್ಲ?’ ನನಗೆ ಉತ್ತರ ಹೊಳೆಯಲಿಲ್ಲ. ಗೊತ್ತಿದ್ದಷ್ಟೇ ಬರೆದ, ಫೇಲಾದ. ಮರುದಿನವೇ ಪುಸ್ತಕ ಹಿಡಿದು ಬಂದು ‘ವರ್ಗ ಸಮೀಕರಣದಿಂದ ಶುರು ಮಾಡೋಣ ಸರ್’ ಅಂದ. ಮಗೂ, ಅವತ್ತು ನೀನು ಬಾರದಿದ್ದರೆ ನಾನು ಬೇಸಿಗೆ ತರಗತಿ ಶುರು ಮಾಡುವ ಧೈರ್ಯ ಮಾಡುತ್ತಿರಲಿಲ್ಲ. ನಿನಗೆ ಮೊದಲ ಕೃತಜ್ಞತೆ.

ಎರಡನೆಯದು ತಂದೆತಾಯಂದಿರಿಗೆ. ‘ಬೇರೆ ಕಡೆಯ ಮೇಷ್ಟ್ರು ಪಾಸು ಮಾಡಿಸ್ತಾರೆ, ನಿಮ್ಮಿಂದ ಯಾಕೆ ಆಗಲ್ಲ?’ ಎಂದು ನನ್ನನ್ನು ನಿಲ್ಲಿಸಿ ಕೇಳಿದಿರಿ. ಕೇಳುವ ಹಕ್ಕು ನಿಮಗಿತ್ತು. ಆದರೂ ರಜೆಯಲ್ಲಿ ಮಕ್ಕಳನ್ನು ಕೆಲಸಕ್ಕೆ ಹಚ್ಚದೆ ಬೆಳಗ್ಗೆ ಎಂಟಕ್ಕೆ ಶಾಲೆಗೆ ಕಳಿಸಿದಿರಿ. ಆ ಬಿಸಿಲಲ್ಲಿ ಸಂಬಳದ ಮಾತೇ ಎತ್ತದೆ ನನ್ನ ಜೊತೆ ಬಂದು ಕೂತ ವಿಜ್ಞಾನದ ಮೇಡಂಗೂ ವಂದನೆ.

ಇನ್ನು ಆ ಹುಡುಗಿ. ಫಲಿತಾಂಶದ ನಂತರ ಅವಳ ಉತ್ತರಪತ್ರಿಕೆಯ ಪ್ರತಿ ತರಿಸಿದೆವು. ಥೇಲ್ಸ್ ಪ್ರಮೇಯ: ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆ ಉಳಿದೆರಡು ಬಾಹುಗಳನ್ನು ಒಂದೇ ಅನುಪಾತದಲ್ಲಿ ಭಾಗಿಸುತ್ತದೆ ಅನ್ನುವುದು. ಸ್ಕೇಲಿಟ್ಟು ಎಳೆದ ಚಿತ್ರ, ದತ್ತ, ಸಾಧನೀಯ, ರಚನೆ ಎಲ್ಲ ಸರಿ. ವಿಸ್ತೀರ್ಣಗಳ ಎರಡು ಅನುಪಾತಗಳನ್ನೂ ಬರೆದಿದ್ದಾಳೆ. ಒಂದೇ ಪಾದದ ಮೇಲೆ, ಅವೇ ಸಮಾಂತರ ರೇಖೆಗಳ ನಡುವೆ ಇರುವ ತ್ರಿಭುಜಗಳ ವಿಸ್ತೀರ್ಣ ಸಮ ಅನ್ನುವ ಒಂದೇ ಒಂದು ಸಾಲು ನೆನಪಿಗೆ ಬಂದಿಲ್ಲ. ಅಲ್ಲಿ ಪೆನ್ನು ನಿಂತಿದೆ. ಕೆಳಗೆ ಪುಟ್ಟ ಅಕ್ಷರದಲ್ಲಿ ‘ಮುಂದೆ ಗೊತ್ತಿಲ್ಲ’. ಬಾಯಿಪಾಠದವರು ಮಾಡುವ ಹಾಗೆ ಕೊನೆಯ ಸಾಲು ಗೀಚಿ ‘ಸಾಧಿಸಲಾಗಿದೆ’ ಎಂದು ಮುಗಿಸಿಬಿಡಬಹುದಿತ್ತು. ಮುಗಿಸಿಲ್ಲ. ಬರೆದ ಹಂತಗಳಿಗೆ ಮೌಲ್ಯಮಾಪಕರು ಅಂಕ ಕೊಟ್ಟಿದ್ದಾರೆ. ಆ ಕಾಣದ ಕೈಗೂ ನಾನು ಋಣಿ.

ಜೂನ್‌ನ ಪರೀಕ್ಷೆ-2ರಲ್ಲಿ ಎಂಟು ಮಂದಿ ದಾಟಿದರು. ಅವಳು ದಾಟಲಿಲ್ಲ. ಅವತ್ತು ಸಂಜೆ ಒಂದೇ ಮಾತು ಕೇಳಿದಳು: ‘ಇನ್ನೊಂದು ಇದೆಯಲ್ಲ ಸರ್?’ ಮೂರು ಪರೀಕ್ಷೆಗಳ ಪದ್ಧತಿಯ ಬಗ್ಗೆ ನಮ್ಮ ಸ್ಟಾಫ್ ರೂಮಿನಲ್ಲಿ ಆಗಿರುವ ವಾದಗಳಿಗೆ ಲೆಕ್ಕವಿಲ್ಲ. ಮೌಲ್ಯಮಾಪನದ ಹೊರೆ ಹೆಚ್ಚಾಯಿತು ಎಂದು ನಾನೂ ಗೊಣಗಿದವನೇ. ಅವಳು ಕೇಳಿದ ಮೇಲೆ ನನ್ನ ವಾದ ಬಿಟ್ಟೆ.

ಪರೀಕ್ಷೆ-3ಕ್ಕೆ ಹೋಗುವ ಮುನ್ನ ಅದೇ ಪ್ರಮೇಯವನ್ನು ಬೋರ್ಡಿನ ಮೇಲೆ ಪುಸ್ತಕ ನೋಡದೆ ಬರೆದಳು. ನಿಂತಿದ್ದ ಸಾಲಿಗೆ ಬಂದಾಗ ಸೀಮೆಸುಣ್ಣ ಕೆಳಗಿಟ್ಟು, ನನ್ನ ಕಡೆ ತಿರುಗಿ, ಆ ವಿಸ್ತೀರ್ಣಗಳು ಯಾಕೆ ಸಮ ಅನ್ನುವುದನ್ನು ಬಾಯಲ್ಲಿ ಹೇಳಿದಳು. ಎತ್ತರ ಒಂದೇ ಎಂದು ಎರಡೂ ಕೈ ಚಾಚಿ ತೋರಿಸಿದಳು. ಆಮೇಲೆ ಸೀಮೆಸುಣ್ಣ ಎತ್ತಿಕೊಂಡು ಸಾಲು ಬರೆದಳು.

ನಿನ್ನ ಮಾರ್ಚ್‌ನ ಉತ್ತರಪತ್ರಿಕೆಯ ಪ್ರತಿ ಇನ್ನೂ ನನ್ನ ಮೇಜಿನ ಡ್ರಾಯರ್‌ನಲ್ಲಿದೆ, ತಾಯಿ. ಅದು ನಿನ್ನದು. ಕಾಲೇಜಿಗೆ ರಜೆ ಸಿಕ್ಕಾಗ ಬಂದು ತೆಗೆದುಕೊಂಡು ಹೋಗು.